ಕೊಡಗಿನಿಂದ ಬೆಂಗಳೂರಿಗೆ ಟೂರು

ಶನಿವಾರ ಬಂತೆಂದರೆ ಕೊಡಗಿನ ರಸ್ತೆ ನಮ್ಮದಲ್ಲ. ರಾತ್ರೋರಾತ್ರಿ ಬೆಂಗಳೂರು ಬಿಟ್ಟ ಕಾರುಗಳು ಬೆಳಗಾಗುವಷ್ಟರಲ್ಲಿ ಕುಶಾಲನಗರ ದಾಟಿ, ಮಧ್ಯಾಹ್ನದ ಹೊತ್ತಿಗೆ ಮಡಿಕೇರಿಯ ಗಲ್ಲಿ ಗಲ್ಲಿಯಲ್ಲೂ ಸಿಕ್ಕಿಹಾಕಿಕೊಂಡು ಹಾರ್ನ್ ಹೊಡೆಯುತ್ತಿರುತ್ತವೆ. ರಾಜಾಸೀಟ್, ಅಬ್ಬಿ ಜಲಪಾತ, ದುಬಾರೆ, ಮಾಂದಲಪಟ್ಟಿ, ಎಲ್ಲ ಕಡೆ ಜನವೋ ಜನ. ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ ಹಿಂದಿನ ಕೋಣೆಗಳನ್ನು ಹೋಂಸ್ಟೇ ಮಾಡಿದ ಮೇಲೆ ನನಗೆ ಬೆಂಗಳೂರಿನವರ ಒಂದು ಚಾಳಿ ಚೆನ್ನಾಗಿ ಗೊತ್ತಾಗಿದೆ. ಬ್ಯಾಗು ಕೆಳಗಿಡುವ ಮೊದಲೇ ಕೇಳುತ್ತಾರೆ.

"ಅಂಕಲ್, ಎಲ್ಲರೂ ಹೋಗೋ ಜಾಗ ಬೇಡ. ಯಾರಿಗೂ ಗೊತ್ತಿಲ್ಲದ್ದು ಯಾವ್ದಾದ್ರೂ ಇದ್ಯಾ?"

ಯಾರಿಗೂ ಗೊತ್ತಿಲ್ಲದ್ದು ನನಗೆ ಮಾತ್ರ ಹೇಗಪ್ಪಾ ಗೊತ್ತಿರುತ್ತೆ? ಆದರೂ ವ್ಯಾಪಾರ ಅಲ್ವಾ, ಏನೋ ಒಂದು ಹೇಳಬೇಕು. ಮಳೆಗಾಲದಲ್ಲಿ ಒಂದು ಗುಂಪು ನಾನು ಹೇಳುವವರೆಗೂ ಕಾಯದೆ ಮೊಬೈಲಿನ ಮ್ಯಾಪ್ ಹಿಡಿದು ತಾವೇ ಹೊರಟು, ಪಕ್ಕದ ತೋಟದವರ ಕೆರೆ ಕೋಡಿ ಬಿದ್ದು ಹರಿಯುತ್ತಿದ್ದದ್ದನ್ನೇ 'ಸೀಕ್ರೆಟ್ ಫಾಲ್ಸ್' ಅಂತ ಫೋಟೋ ಹಾಕಿತು. ಮರುವಾರ ಅದನ್ನು ಹುಡುಕಿಕೊಂಡು ಕಾರುಗಳು ಬರೋಕೆ ಶುರು. ತೋಟದವರು ಈಗ ಅಲ್ಲಿ ನಾಯಿ ಕಟ್ಟಿದ್ದಾರೆ.

ಇದೇ ಪ್ರಶ್ನೆಯನ್ನು ನಾವು ಅವರ ಊರಿಗೇ ಹೋಗಿ ಕೇಳಿದರೆ ಹೇಗೆ ಅನ್ನಿಸಿತು. ಕಾಫಿ ಕೊಯ್ಲು ಮುಗಿದಿತ್ತು, ಹೂಮಳೆಯೂ ಬಂದು ಹೋಗಿತ್ತು, ತೋಟದಲ್ಲಿ ಅಂಥಾ ಕೆಲಸ ಇರಲಿಲ್ಲ. ಜೊತೆಗೆ ಬಂದವರು ಭಾವ, ಅಂದರೆ ಅಕ್ಕನ ಗಂಡ. ಅವರ ಮಗಳು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಬೇಗೂರು ರಸ್ತೆಯಲ್ಲಿ ಬಾಡಿಗೆ ಮನೆ. ಹೋದ ರಾತ್ರಿಯೇ ಊಟಕ್ಕೆ ಕೂತಾಗ ಅವಳನ್ನು ಕೇಳಿದೆ. "ಯಾರೂ ಹೋಗದೇ ಇರೋ ಜಾಗ ಯಾವ್ದಿದೆ ಇಲ್ಲಿ?"

ಅವಳು ತುಂಬಾ ಹೊತ್ತು ಯೋಚನೆ ಮಾಡಿದಳು. "ನಮ್ ಆಫೀಸು, ಮಾವ. ಎಲ್ರೂ ವರ್ಕ್ ಫ್ರಮ್ ಹೋಮು."

ಸರಿ, ಇವಳಿಂದ ಆಗುವ ಕೆಲಸ ಅಲ್ಲ. ನಾನೇ ಊರಿಂದ ಬರುವಾಗ ಒಂದಷ್ಟು ಓದಿಕೊಂಡು ಬಂದಿದ್ದೆ. ಷರತ್ತು ಇಷ್ಟೇ: ವಿಧಾನಸೌಧದ ಮುಂದೆ ಫೋಟೋ ಇಲ್ಲ, ಮಾಲ್ ಇಲ್ಲ, ಲಾಲ್‌ಬಾಗಿನ ಗಾಜಿನ ಮನೆ ಇಲ್ಲ.

ಲಾಲ್‌ಬಾಗಿಗೇನೋ ಹೋದೆವು, ಆದರೆ ಬಂಡೆ ನೋಡೋಕೆ. ಅಲ್ಲಿಯವರೆಗೂ ಮೆಟ್ರೋ. ಕೊಡಗಿಗೆ ರೈಲೇ ಇಲ್ಲ ನೋಡಿ, ಹಾಗಾಗಿ ಭಾವನಿಗೆ ಮೆಟ್ರೋನೇ ಒಂದು ಪ್ರವಾಸಿ ತಾಣ, ಇಳಿಯೋಕೆ ಮನಸ್ಸೇ ಇರಲಿಲ್ಲ. ಬಂಡೆ ಎದುರು ನಿಲ್ಲಿಸಿದಾಗ ಅವರ ಮುಖ ಸಪ್ಪಗಾಯಿತು. "ಕಲ್ಲು ನೋಡೋಕೆ ಬಸ್ಸಲ್ಲಿ ಬೆನ್ನು ಮುರ್ಕೊಂಡು ಇಲ್ಲಿಗಂಟ ಬರ್ಬೇಕಿತ್ತೇನೋ?" ಅಂದರು. ಸುಮ್ನೆ ಕಲ್ಲಲ್ಲ ಭಾವ, ಇದಕ್ಕೆ ಸುಮಾರು 300 ಕೋಟಿ ವರ್ಷ, ಭೂಮಿಯ ಮೇಲಿರೋ ತುಂಬಾ ಹಳೇ ಬಂಡೆಗಳಲ್ಲಿ ಇದೂ ಒಂದು, ಸರ್ಕಾರದ ಭೂವಿಜ್ಞಾನದವರು ರಾಷ್ಟ್ರೀಯ ಸ್ಮಾರಕ ಅಂತ ಬೋರ್ಡ್ ಹಾಕಿದ್ದಾರೆ ಅಂದೆ. ಭಾವ ಬೋರ್ಡ್ ಓದಿದರು. ಆಮೇಲೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಅಷ್ಟು ವಯಸ್ಸಾದದ್ದರ ಮೇಲೆ ಚಪ್ಪಲಿ ಹಾಕಿ ನಿಲ್ಲೋದು ಸರಿಯಲ್ಲವಂತೆ. ಬೇಸಿಗೆಯ ಮಧ್ಯಾಹ್ನ, ಬಂಡೆ ಕಾದಿತ್ತು. ಭಕ್ತಿ ಹತ್ತು ಹೆಜ್ಜೆಗೆ ಮುಗಿಯಿತು.

ಬಂಡೆ ಮೇಲೆ ಕೆಂಪೇಗೌಡರ ಗೋಪುರ ಇದೆ. ಹಳೇ ಬೆಂಗಳೂರಿನ ಗಡಿ ಇಷ್ಟೇ ಅಂತ ನಾಲ್ಕು ದಿಕ್ಕಿಗೆ ನಿಲ್ಲಿಸಿದ್ದು ಅಂತ ಹೇಳುತ್ತಾರಲ್ಲ, ಅವುಗಳಲ್ಲಿ ಒಂದು. ಉಳಿದವು ಕೆಂಪಾಂಬುಧಿ ಕೆರೆ, ಹಲಸೂರು ಮತ್ತು ಮೇಖ್ರಿ ಸರ್ಕಲ್ ಹತ್ತಿರ. ಅಲ್ಲಿ ನಿಂತು ಸುತ್ತ ನೋಡಿದರೆ ಕಣ್ಣು ಹೋದಷ್ಟು ದೂರವೂ ಬಿಲ್ಡಿಂಗು. ಪಕ್ಕದ ತೋಟದವನ ಜೊತೆ ಗಡಿ ತಕರಾರಲ್ಲಿ ವರ್ಷಗಟ್ಟಲೆ ತಹಸೀಲ್ದಾರ್ ಕಚೇರಿ ಸುತ್ತಿರುವ ಭಾವ ಒಂದು ನಿಟ್ಟುಸಿರು ಬಿಟ್ಟರು. "ಗುರುತು ಇಟ್ರೆ ಸಾಲ್ದು. ಬೇಲಿ ಹಾಕ್ಬೇಕಿತ್ತು."

ನನ್ನ ಪಟ್ಟಿಯಲ್ಲಿ ನನಗೆ ಜಾಸ್ತಿ ಆಸೆ ಇದ್ದದ್ದು ಬೇಗೂರಿನ ಶಾಸನದ ಮೇಲೆ. ಕೆಂಪೇಗೌಡರು ಊರು ಕಟ್ಟಿದ್ದು 1537ರಲ್ಲಿ ಅಂತ ಎಲ್ಲರೂ ಓದಿರುತ್ತೇವೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಗಂಗರ ಕಾಲದ ವೀರಗಲ್ಲಿನಲ್ಲಿ, ಅಂದರೆ ಸುಮಾರು ಕ್ರಿ.ಶ. 890ರಲ್ಲೇ, ಬೆಂಗಳೂರಿನ ಹೆಸರಿದೆ. ಅಕ್ಕನ ಮಗಳ ಮನೆಯಿಂದ ಸ್ವಲ್ಪವೇ ದೂರ. ಅವಳಿಗೆ ಗೊತ್ತೇ ಇಲ್ಲ! ಆ ರಸ್ತೆಯಲ್ಲಿ ದೋಸೆ ಎಲ್ಲಿ ಚೆನ್ನಾಗಿದೆ, ಯಾವ ಗುಂಡಿ ಎಷ್ಟು ಆಳ, ಎಲ್ಲ ಬಾಯಿಪಾಠ. ಶಾಸನ ಅಂದರೆ ಮಾತ್ರ, "ಅದು ಮೈಸೂರಲ್ಲಿರೋದಲ್ವಾ ಮಾವ?"

ಅವಳು ಮನೆಯಲ್ಲೇ ಆಫೀಸ್ ಕೆಲಸಕ್ಕೆ ಕೂತಳು, ನಾವು ಆಟೋ ಹಿಡಿದೆವು. ಮ್ಯಾಪ್ ನೋಡೋಣ ಅಂದೆ, ಭಾವ ಬಿಡಲಿಲ್ಲ. ಅವರ ತೋಟದ ಗೇಟನ್ನು ಮ್ಯಾಪು ಮೇನ್ ರೋಡ್ ಅಂತ ತೋರಿಸಿ, ಅಪರಾತ್ರಿಯಲ್ಲಿ ಟೂರಿಸ್ಟುಗಳು ಬಂದು ಬಾಗಿಲು ಬಡಿದ ದಿನದಿಂದ ಅವರಿಗೆ ಅದರ ಮೇಲೆ ನಂಬಿಕೆ ಹೋಗಿದೆ. ತಾವೇ ಡ್ರೈವರಿಗೆ ವಿವರಿಸಿದರು.

"ಅಲ್ಲೊಂದು ಕಲ್ಲಿದ್ಯಂತಲ್ಲಪ್ಪಾ, ಕೆತ್ತಿರೋದು. ಅಲ್ಲಿಗೆ."

"ಕಲ್ಲಾ? ಗೊತ್ತಾಯ್ತು ಯಜಮಾನ್ರೇ, ಕೂತ್ಕೊಳ್ಳಿ."

ಎಷ್ಟು ಸುಲಭ ನೋಡು, ಮ್ಯಾಪ್ ಬೇಕಾ ಅಂತ ಭಾವ ನನ್ನ ಕಡೆ ನೋಡಿದರು. ಆಟೋ ಒಂದಿಷ್ಟು ಸಂದಿಗೊಂದಿ ಸುತ್ತಿ ಗ್ರಾನೈಟ್ ಅಂಗಡಿ ಮುಂದೆ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಅಂಗಡಿ ಹುಡುಗ ಓಡಿಬಂದು ಕುರ್ಚಿ ಹಾಕಿ, ನೀರು ಕೊಟ್ಟು, "ಅಡುಗೆಮನೆಗಾ ಸರ್, ಮೆಟ್ಟಿಲಿಗಾ?" ಅಂದ. ಹೊರಟುಬಿಡೋಣ ಅಂದರೆ ಭಾವ ಎಲ್ಲಿ? ಅವರು ಆಗಲೇ ಒಳಗೆ ಹೋಗಿ ಒಂದು ಕಪ್ಪು ಸ್ಲ್ಯಾಬಿನ ಮೇಲೆ ನೀರು ಚಿಮುಕಿಸಿ, ತಲೆ ಓರೆ ಮಾಡಿ ಬೆಳಕಿಗೆ ನೋಡುತ್ತಿದ್ದರು. ಹುಡುಗ ಅದರ ಮೇಲೆ ನಿಂಬೆಹಣ್ಣು ಹಿಂಡಿ ತೋರಿಸಿದ, ಅರಿಶಿನ ಹಚ್ಚಿ ಒರೆಸಿ ತೋರಿಸಿದ. ಚದರಡಿ ರೇಟು, ಪಾಲಿಶ್ ಬೇರೆನಾ, ಸುಂಟಿಕೊಪ್ಪಕ್ಕೆ ಲಾರಿ ಬಾಡಿಗೆ ಎಷ್ಟು, ದಾರಿಯಲ್ಲಿ ಒಡೆದರೆ ಯಾರು ಜವಾಬ್ದಾರಿ, ಎಲ್ಲ ಮಾತಾಯಿತು. ಅವರ ಅಡುಗೆಮನೆಗೆ ಕಲ್ಲು ಹಾಕಿಸಬೇಕು ಅಂತ ಅಕ್ಕ ಎಷ್ಟೋ ವರ್ಷದಿಂದ ಹೇಳುತ್ತಿದ್ದಾಳೆ. ಊರಲ್ಲಿ ಕಿವಿಗೆ ಹಾಕಿಕೊಳ್ಳದ ಮನುಷ್ಯನಿಗೆ ಬೆಂಗಳೂರಲ್ಲಿ ಜ್ಞಾನೋದಯ. ಕೊನೆಗೆ ಫೋನ್ ನಂಬರ್ ಕೊಟ್ಟೇ ಎದ್ದರು.

ದೇವಸ್ಥಾನ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಶಾಸನದ ಹಳಗನ್ನಡ ನಮಗೆಲ್ಲಿ ಓದೋಕೆ ಬರುತ್ತೆ, ಆದರೆ ವಿಷಯ ನನಗೆ ಗೊತ್ತಿತ್ತು. ನಾಗತ್ತರ ಅನ್ನುವವನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಸತ್ತರು ಅಂತ ಅದರಲ್ಲಿದೆ.

"ಅಂದ್ರೆ ಆಗ್ಲೇ ಇಲ್ಲಿ ಜಾಗಕ್ಕೆ ಹೊಡೆದಾಟ ಶುರುವಾಗಿತ್ತು" ಅಂದರು ಭಾವ.

ಅಲ್ಲಿದ್ದ ಒಬ್ಬ ಹಿರಿಯರು ನಮ್ಮ ಆಸಕ್ತಿ ನೋಡಿ ಖುಷಿಯಾಗಿ, ಇದಕ್ಕಿಂತ ಹಳೇದು ಹೆಬ್ಬಾಳದಲ್ಲಿದೆ ಸರ್, ಕಿತ್ತಯ್ಯನ ಕಲ್ಲು, ಸುಮಾರು 750ರದ್ದು, 2018ರಲ್ಲಿ ಅಗೆಯುವಾಗ ಸಿಕ್ಕಿದ್ದು, ನೀವು ನೋಡಲೇಬೇಕು ಅಂದರು. ಅವನೂ ಜಗಳದಲ್ಲೇ ಸತ್ತವನಾ ಅಂತ ಭಾವ ಕೇಳಿದರು. ಹೌದಂತೆ. ಹೆಬ್ಬಾಳ ಅಂದರೆ ಊರಿನ ಆ ತುದಿ, ಅದೂ ಆ ಫ್ಲೈಓವರ್ ದಾಟಿ. ಸುಂಟಿಕೊಪ್ಪದಿಂದ ಮೈಸೂರಿಗೆ ಹೋಗಿಬಿಡಬಹುದು, ಇದು ಬೇಡ ಅಂತ ಇಬ್ಬರೂ ಒಂದೇ ಮಾತಲ್ಲಿ ತೀರ್ಮಾನ ಮಾಡಿದೆವು.

ಮಾರನೇ ದಿನ ನಿಮ್ಹಾನ್ಸ್. ಹೆಸರು ಕೇಳಿದ ತಕ್ಷಣ ಅಕ್ಕನ ಮಗಳು "ಅಪ್ಪಾ, ಏನಾಯ್ತು?" ಅಂತ ಗಾಬರಿಯಾದಳು. ಏನೂ ಆಗಿಲ್ಲ, ಅಲ್ಲೊಂದು ಮಿದುಳಿನ ಮ್ಯೂಸಿಯಂ ಇದೆ. ವಾರದಲ್ಲಿ ಕೆಲವು ದಿನ ಮಾತ್ರ ಜನರಿಗೆ ತೋರಿಸುತ್ತಾರೆ, ವಿಚಾರಿಸಿಕೊಂಡೇ ಹೋಗಬೇಕು. ಸಾಲಾಗಿ ನಿಜವಾದ ಮಿದುಳುಗಳು. ಪಾರ್ಶ್ವವಾಯು ಬಡಿದದ್ದು, ಗೆಡ್ಡೆ ಬೆಳೆದದ್ದು, ಪೆಟ್ಟು ಬಿದ್ದದ್ದು. ನನಗಂತೂ ಹೊರಬಂದ ಮೇಲೂ ಸ್ವಲ್ಪ ಹೊತ್ತು ತಲೆ ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸುತ್ತಿತ್ತು. ಬೆಂಗಳೂರಲ್ಲಿ ನಾನು ನೋಡಿದ ಜಾಗಗಳಲ್ಲಿ ಒಂದನ್ನೇ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಒಂದು ಮಿದುಳನ್ನು ನೋಡುವವರ ಕೈಗೇ ಕೊಡುತ್ತಾರೆ. ನಾನು ಒಂದು ಬೆರಳು ತಾಗಿಸಿ ಸಾಕು ಅಂದೆ.

ಭಾವ ಎರಡೂ ಕೈ ಚಾಚಿ ತೆಗೆದುಕೊಂಡರು. ಜೀವಮಾನವೆಲ್ಲ ಕಾಫಿ ಮತ್ತು ಕರಿಮೆಣಸು ತೂಗಿದ ಕೈ. ಕಣ್ಣು ಮುಚ್ಚಿ, ಅಂಗೈಯಲ್ಲಿ ಮೆಲ್ಲಗೆ ಎರಡು ಸಲ ಎತ್ತಿ ಇಳಿಸಿದರು. "ಒಂದೂಕಾಲು ಕೆಜಿ ಮೇಲಿದೆ. ಒಂದೂವರೆ ಇಲ್ಲ." ತೋರಿಸುತ್ತಿದ್ದವರು ಬೆರಗಾಗಿ, ಸರಿಯಾಗೇ ಹೇಳಿದ್ರಿ, ದೊಡ್ಡವರ ಮಿದುಳು ಸುಮಾರು 1.3, 1.4 ಕೆಜಿ ಇರುತ್ತೆ ಅಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಭಾವ ಕೇಳಿದರು, "ಇದ್ರ ಓಟಿ ಎಷ್ಟು ಬರ್ಬೋದು?"

ಓಟಿ ಅಂದರೆ ನಮ್ಮಲ್ಲಿ ಔಟ್‌ಟರ್ನ್. 50 ಕೆಜಿ ಚೀಲದ ಒಣ ಚೆರಿ ಕಾಫಿಯಲ್ಲಿ ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ಸಿಗುತ್ತೆ ಅನ್ನೋ ಲೆಕ್ಕ, ಅದರ ಮೇಲೇ ವ್ಯಾಪಾರಿ ರೇಟು ಕಟ್ಟೋದು. ಆ ಮನುಷ್ಯನಿಗೆ ಅರ್ಥವಾಗಲಿಲ್ಲ. ನಾನು ಮಧ್ಯೆ ಬಂದು, ಒಣಗಿದ್ರೆ ಎಷ್ಟು ಉಳಿಯುತ್ತೆ ಅಂತ ಕೇಳ್ತಿದ್ದಾರೆ ಅಂದೆ. "ಮುಕ್ಕಾಲು ಭಾಗ ನೀರೇ ಸರ್" ಅಂದರು ಪಾಪ.

"ಹಾಗಾದ್ರೆ ರೊಬಸ್ಟಾ ಕಾಫಿನೇ ವಾಸಿ" ಅಂತ ಭಾವ ಮಿದುಳನ್ನು ವಾಪಸ್ ಕೊಟ್ಟರು.

ಸಂಜೆ ಅಕ್ಕನ ಮಗಳಿಗೂ ಹುರುಪು ಬಂದು, ಯಾರಿಗೂ ಗೊತ್ತಿಲ್ಲದ ಕೆಫೆ ಒಂದಿದೆ ಅಂತ ಕರೆದುಕೊಂಡು ಹೋದಳು. ಹೊರಗೆ ಕ್ಯೂ. ಯಾರಿಗೂ ಗೊತ್ತಿಲ್ಲದ ಜಾಗಕ್ಕೆ ಕ್ಯೂ ಹೇಗೆ ಬಂತೋ ದೇವರಿಗೇ ಗೊತ್ತು. ಮೆನುವಿನಲ್ಲಿ ಕೂರ್ಗ್ ಕಾಫಿ, ಅದರಲ್ಲಿ ಹಲಸಿನ ಹಣ್ಣಿನ ಘಮ, ಕಿತ್ತಳೆಯ ಹುಳಿ, ಬೆಲ್ಲದ ಸಿಹಿ ಇದೆ ಅಂತ ಬರೆದಿತ್ತು. ರೇಟು ನೋಡಿ ಭಾವ ಒಂದು ಕಪ್ಪಿಗೆ ಎಷ್ಟು ಗ್ರಾಂ ಪುಡಿ ಹಾಕ್ತೀರಿ ಅಂತ ಹುಡುಗಿಯನ್ನು ಕೇಳಿ, ಟಿಶ್ಯೂ ಪೇಪರ್ ಮೇಲೆ ಲೆಕ್ಕ ಹಾಕತೊಡಗಿದರು. ಲೆಕ್ಕ ಮುಗಿದ ಮೇಲೆ ತುಂಬಾ ಹೊತ್ತು ಯಾರ ಹತ್ತಿರವೂ ಮಾತಾಡಲಿಲ್ಲ. ಬಿಲ್ಲು ಮಗಳೇ ಕೊಟ್ಟಳು.

ವಾಪಸ್ ಬರುವಾಗ ಬಸ್ಸು ಹುಣಸೂರು ದಾಟುತ್ತಿತ್ತು. ಭಾವನ ಫೋನ್ ಬಡಿದುಕೊಂಡಿತು. ಗ್ರಾನೈಟ್ ಅಂಗಡಿ ಹುಡುಗ. ಬಸ್ಸಿನ ಸದ್ದಿಗೆ ಭಾವ ಸ್ಪೀಕರ್ ಹಾಕಿದರು.

"ಸರ್, ಯಾವ ಕಲ್ಲು ಫೈನಲ್ ಮಾಡಿದ್ರಿ?"

"ಒಂದೇ ಯೋಚ್ನೆ ಮಾರಾಯ. ಸಾವಿರ ವರ್ಷ ಆದ್ರೂ ಕೆತ್ತಿದ್ದು ಮಾಸದಂಥದ್ದು ಇದ್ಯಾ ನಿಮ್ಮಲ್ಲಿ? ನಿಮ್ ಏರಿಯಾದಲ್ಲೇ ಒಂದು ನೋಡ್ಕೊಂಡು ಬಂದೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅದು ಇಂಪೋರ್ಟೆಡ್ ಸರ್" ಅಂದ. "ಅಡ್ವಾನ್ಸ್ ಹಾಕಿ, ತರಿಸಿಕೊಡ್ತೀನಿ."