ಬರೀ ಮರ ಬರ್ತಿದೆ, ಸ್ವಲ್ಪ ಸರೀರಿ

ನಮ್ಮ ಸೋದರಮಾವ ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುತ್ತಾರೆ. 2023ರ ಆಗಸ್ಟ್‌ನಲ್ಲಿ ಅವರನ್ನು ಬೆಂಗಳೂರಿಗೆ ಕರೆಸಿ, ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿ, ದುಡ್ಡು ಕೊಟ್ಟು ಸೇವಂತಿಗೆ ತೋರಿಸಿದೆ.

ಆಗ ಅಧಿಕ ಶ್ರಾವಣ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೂವು ಕೇಳೋರಿಲ್ಲ. ಹಿಂದಿನ ವಾರವಷ್ಟೇ ಮಾವ ಎರಡು ಮೂಟೆ ಹೂವನ್ನು ಮಾರ್ಕೆಟ್‌ನಿಂದ ವಾಪಸ್ ತಂದು ತಿಪ್ಪೆಗೆ ಸುರಿದಿದ್ದರು. ಗಾಡಿ ಬಾಡಿಗೆಯೂ ಗಿಟ್ಟಿರಲಿಲ್ಲ. ಇಲ್ಲಿ ನೋಡಿದರೆ ಫುಟ್‌ಪಾತ್‌ವರೆಗೂ ಕ್ಯೂ.

"ಇವರೆಲ್ಲ ಹೂವು ಕೊಳ್ಳೋಕೆ ಬಂದಿರೋದಾ ಅಳಿಯಾ?" ಎಂದರು.

"ಇಲ್ಲ ಮಾವ, ನೋಡೋಕೆ."

"ನೋಡೋಕೆ ದುಡ್ಡು?"

ಹೌದು ಎಂದೆ. ಅಲ್ಲಿಂದ ಟಿಕೆಟ್ ಕೌಂಟರ್ ಸಿಗುವವರೆಗೂ ಮಾವ ತುಟಿ ಬಿಚ್ಚಲಿಲ್ಲ. ಎರಡು ಮೂಟೆಗೆ ಎಷ್ಟು ಟಿಕೆಟ್ ಹರಿಯಬಹುದಿತ್ತು ಅಂತ ಲೆಕ್ಕ ಹಾಕುತ್ತಿದ್ದರು ಅನ್ಸುತ್ತೆ.

ಆ ಸಲದ ವಿಶೇಷ ಹೂವಿನ ವಿಧಾನಸೌಧ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ನೆನಪಿಗೆ ಮಾಡಿದ್ದು. ಅಸಲಿ ವಿಧಾನಸೌಧ ಅಲ್ಲಿಂದ ನಾಲ್ಕೈದು ಕಿಲೋಮೀಟರ್. ಕಲ್ಲಿನದು, 1956ರಲ್ಲಿ ಕಟ್ಟಿ ಮುಗಿಸಿದ್ದು, ರಸ್ತೆಯಲ್ಲಿ ನಿಂತು ನೋಡಿದರೆ ಯಾರೂ ಕಾಸು ಕೇಳುವುದಿಲ್ಲ. ಆದರೂ ನೂಕುನುಗ್ಗಲು ಹೂವಿನದಕ್ಕೇ. ಇದು ಸರಿಯೇ ಅನ್ನಿ. ಅಸಲಿಯದಕ್ಕೆ ಫೈಲ್ ಹಿಡಿದು ಅಲೆದವರಿಗೆ ಅಲ್ಲಿ ಪರಿಮಳ ಬಂದ ನೆನಪಿರಲಾರದು. ಇಲ್ಲಾದರೆ ಬಾಡಿದ್ದನ್ನು ನಡುವೆಯೇ ಕಿತ್ತು ಹೊಸದು ಚುಚ್ಚುತ್ತಾರಂತೆ. ಅಲ್ಲಿ ಐದು ವರ್ಷ ಕಾಯಬೇಕು. ನಾವು ಆ ಮೇ ತಿಂಗಳಲ್ಲಷ್ಟೇ ಚುಚ್ಚಿ ಕೈ ತೊಳೆದುಕೊಂಡಿದ್ದೆವು.

ಗಾಜಿನ ಮನೆಯೊಳಗೆ ಜನ ಎಲ್ಲರೂ ವಿಧಾನಸೌಧಕ್ಕೆ ಬೆನ್ನು ಹಾಕಿ ನಿಂತಿದ್ದರು. ಸೆಲ್ಫಿಗೆ ಹಾಗೇ ನಿಲ್ಲಬೇಕಲ್ವಾ. ನಮ್ಮ ಮುಂದೆ ಒಬ್ಬಾಕೆ ದಾವಣಗೆರೆಯ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಕೈ ಮೇಲೆತ್ತಿ, "ಕಾಣ್ತಿದೆಯಾ ಅಮ್ಮಾ? ಈಗ ಕಾಣ್ತಿದೆಯಾ?" ಎಂದು ಕೂಗುತ್ತಿದ್ದಳು. ಹಿಂದಿನವರು ತಳ್ಳಿದ ರಭಸಕ್ಕೆ ಫೋನು ಸೂರಿನ ಕಡೆ ತಿರುಗಿತ್ತು. "ಬರೀ ಕಬ್ಬಿಣ ಕಾಣ್ತೈತೆ ಕಣೇ," ಅಂತು ಆ ಕಡೆಯ ದನಿ. 1889ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿಕೊಂಡು ಶುರು ಮಾಡಿದ ಕಟ್ಟಡ ಅದು. ಆವತ್ತು ಗಾಜಿನ ಮನೆಯನ್ನು ಕಣ್ತುಂಬ ನೋಡಿದ್ದು ದಾವಣಗೆರೆಯಲ್ಲಿದ್ದ ಆ ಅಮ್ಮ ಒಬ್ಬರೇ.

ಮಾವ ಮಾತ್ರ ಹಗ್ಗದ ಈಚೆ ಬಗ್ಗಿ, ವಿಧಾನಸೌಧದ ಪಾಯ ಪರೀಕ್ಷೆ ಮಾಡುತ್ತಿದ್ದರು. ಹೂವಿನ ಸಂದಿಯಲ್ಲಿ ಒದ್ದೆ ಸ್ಪಾಂಜು ಇಣುಕುತ್ತಿತ್ತು. "ತೊಟ್ಟು ಇಷ್ಟು ಗಿಡ್ಡ ಕತ್ತರಿಸವ್ರೆ. ನಾಲ್ಕು ದಿನ ತಡೆದರೆ ಹೆಚ್ಚು," ಎಂದರು. ಆಮೇಲೆ ಮೆಲ್ಲಗೆ, "ಇದಕ್ಕೆ ಕೇಜಿಗೆ ಎಷ್ಟು ಕೊಟ್ಟಿರಬೌದು?" ಸೆಕ್ಯುರಿಟಿಯವನು ಸೀಟಿ ಊದಿದ. ಹೂವನ್ನು ಅಷ್ಟು ಹೊತ್ತು ನೋಡುವವನ ಮೇಲೆ ಯಾರಿಗಾದರೂ ಅನುಮಾನ ಬರುವುದೇ.

ಬಂಡೆ ಹತ್ತಿದೆವು. ಕೆಂಪೇಗೌಡರ ಗೋಪುರ ಇದೆಯಲ್ಲ, ಅದು ನಿಂತಿರುವ ಬಂಡೆ. ಸುಮಾರು 300 ಕೋಟಿ ವರ್ಷದ್ದು. 1975ರಲ್ಲೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಅದು ಹುಟ್ಟಿದಾಗ ಭೂಮಿಯ ಮೇಲೆ ಹೂವಿರಲಿಲ್ಲ, ಮರವಿರಲಿಲ್ಲ, ಡೈನೋಸಾರ್ ಕೂಡ ಬಂದಿರಲಿಲ್ಲ. ಅದರ ಮೇಲೆ ಅಂಗಾತ ಮಲಗಿ ಪೋಸ್ ಕೊಡುತ್ತಿದ್ದ ಹುಡುಗ ಗೆಳೆಯನಿಗೆ ಹೇಳುತ್ತಿದ್ದ: "ಬೇಗ ತೆಗಿಯೋ, ಎಷ್ಟೊತ್ತು!"

ಅಲ್ಲ, ಲಾಲ್‌ಬಾಗ್ ಅಂದರೇನು ಸುಮ್ನೆನಾ? ಹೈದರಾಲಿ 1760ರಲ್ಲಿ ಶುರು ಮಾಡಿದ. ಟಿಪ್ಪು ದೇಶವಿದೇಶದಿಂದ ಗಿಡ ತರಿಸಿದ. ಆಮೇಲೆ ತೋಟದ ಉಸ್ತುವಾರಿ ಹೊತ್ತ ಜಾನ್ ಕ್ಯಾಮರೂನ್ ಸಾಹೇಬರು, ಜರ್ಮನಿಯಿಂದ ಬಂದ ಕ್ರುಂಬಿಗಲ್, ನಮ್ಮ ಮರಿಗೌಡರು, ಎಲ್ಲರೂ ಇದಕ್ಕೆ ಆಯಸ್ಸು ಸುರಿದರು. 240 ಎಕರೆ. ಹೆಸರು ಹೇಳುತ್ತಾ ಹೋದರೆ ಸಂಜೆಯಾಗುವಷ್ಟು ಮರಗಳು. ನಾವು ಇದನ್ನೆಲ್ಲ ದಾಟಿಕೊಂಡು ಓಡಿಹೋಗಿ, ಗಾಜಿನ ಮನೆಯಲ್ಲಿ ಬೇರಿಲ್ಲದ ಹೂವು ನೋಡುತ್ತೇವೆ. ಜನವರಿಯಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ.

ಮರಗಳನ್ನು ಯಾರೂ ಮುಟ್ಟುವುದೇ ಇಲ್ಲ ಅಂದರೆ ತಪ್ಪಾಗುತ್ತದೆ. ದಾರಿಯ ಬಿದಿರು ಮೆಳೆಯಲ್ಲಿ ಓದಲು ಬೇಕಾದಷ್ಟು ಸಾಹಿತ್ಯವಿತ್ತು. ಮಂಜು ಪ್ಲಸ್ ಗೀತಾ. ಅದರ ಮೇಲೆ, ಬೇರೆ ಕೈಬರಹದಲ್ಲಿ, ಮಂಜು ಪ್ಲಸ್ ಶೋಭಾ. ಮರಕ್ಕೆ ಸಸ್ಯವಿಜ್ಞಾನಿ ಇಡುವುದು ಒಂದೇ ಹೆಸರು. ನಾವು ಅಷ್ಟು ಜಿಪುಣರಲ್ಲ.

ಕೊನೆಗೆ ಆ ದೊಡ್ಡ ಬೂರುಗದ ಮರದ ಹತ್ತಿರ ಬಂದೆವು. ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿವೆ. ಎರಡು ಬೇರಿನ ನಡುವೆ ಒಂದು ಹಸು ಕಟ್ಟಬಹುದು. ಮಾವ ಚಪ್ಪಲಿ ಬಿಟ್ಟು ನಿಂತರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕತ್ತೆತ್ತಿ ನೋಡುತ್ತಾ ಎಷ್ಟೋ ಹೊತ್ತು ಹಾಗೇ ಇದ್ದರು.

"ಅಂಕಲ್, ಸ್ವಲ್ಪ ಸರೀರಿ."

ರೇಷ್ಮೆ ಲಂಗ ಉಟ್ಟ ಹುಡುಗಿ, ದೊಡ್ಡ ಕ್ಯಾಮೆರಾ ಹಿಡಿದ ಹುಡುಗ. ಮಾವ ಚಪ್ಪಲಿ ಕೈಯಲ್ಲಿ ಹಿಡಿದು ಸರಿದರು. ಹುಡುಗ ಒಂದು ಕಣ್ಣು ಮುಚ್ಚಿದ, ಮಂಡಿಯೂರಿದ, ತಲೆಯಾಡಿಸಿದ. "ಊಹೂಂ, ಆಗ್ತಿಲ್ಲ. ಹಿಂದೆ ಬರೀ ಮರ ಬರ್ತಿದೆ."

ಮಾವ ಮರದ ಕಡೆ ನೋಡಿದರು, ಅದೂ ಸರಿಯುತ್ತದೇನೋ ಎಂಬಂತೆ.

ಗೇಟಿನ ಹತ್ತಿರ ಮಳಿಗೆಗಳಲ್ಲಿ ಗಿಡ ಮಾರುತ್ತಿದ್ದರು. ಬಂದಿದ್ದಕ್ಕೆ ಏನಾದರೂ ಒಯ್ಯಬೇಕಲ್ಲ ಅಂತ ನಾನೂ ಒಂದು ಕುಂಡ ಕೊಂಡೆ. 150 ರೂಪಾಯಿ. ಆಟೋದಲ್ಲಿ ಕೂತ ಮೇಲೆ ನೋಡಿದರೆ ಸೇವಂತಿಗೆ. ಮೂರು ಹೂವು, ಎರಡು ಮೊಗ್ಗು. ಕುಂಡ ಮಾವನ ತೊಡೆಯ ಮೇಲಿತ್ತು. ಅವರು ಅದನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಹೊರಗೆ ಟ್ರಾಫಿಕ್ ನೋಡುತ್ತಿದ್ದರು. ಮಿನರ್ವ ಸರ್ಕಲ್ ಹತ್ತಿರ ನನಗೇ ತಡೆಯಲಾಗದೆ ಕೇಳಿದೆ:

"ಮಾವ, ಬಾಲ್ಕನಿಯಲ್ಲಿ ಇಡ್ತೀನಿ. ದಿನಾ ನೀರು ಹಾಕಬೇಕಾ?"

"ನೀರು ಯಾಕಯ್ಯಾ," ಎಂದರು ಮಾವ. "ಟಿಕೆಟ್ ಇಡು."