ಬೋರ್ಡೋದ ವೈನ್ ಮ್ಯೂಸಿಯಂ ಮತ್ತು ನಮ್ಮ ಬ್ಯಾಡಗಿ ಮೆಣಸಿನಕಾಯಿ

ಒಂದು ಬೆಳೆಗೆ ಬೆಲೆಯೂ ಮರ್ಯಾದೆಯೂ ಬರಬೇಕಾದರೆ ಅದನ್ನು ಚೆನ್ನಾಗಿ ಬೆಳೆದರಷ್ಟೇ ಸಾಲದು, ಕೊಳ್ಳುವವರ ಮೂಗಿಗೂ ನಾಲಿಗೆಗೂ ಒಳ್ಳೆಯದು ಯಾವುದೆಂದು ಗುರುತಿಸುವ ಅಭ್ಯಾಸ ಮಾಡಿಸಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಧಾರವಾಡದಲ್ಲಿ ಕೃಷಿ ಓದಿ, ವಿಜಯಪುರ ಸೀಮೆಯ ದ್ರಾಕ್ಷಿ ಬೆಳೆಗಾರರ ಜೊತೆ ಬಹುಕಾಲ ಓಡಾಡಿದವನು ನಾನು. ಬೆಳೆಯುವ ವಿದ್ಯೆಯನ್ನು ಕಲಿಸುವ ದೊಡ್ಡ ಸಂಸ್ಥೆಗಳು ನಮ್ಮಲ್ಲಿವೆ. ಬೆಳೆದದ್ದನ್ನು ಸವಿಯುವ ವಿದ್ಯೆಯನ್ನು ಸಾಮಾನ್ಯ ಜನರಿಗೆ ಕಲಿಸುವ ಜಾಗವನ್ನು ಮಾತ್ರ ನಮ್ಮ ಭಾಗದಲ್ಲಿ ನಾನು ಕಂಡಿಲ್ಲ. ಅಂಥದೊಂದನ್ನು ಕಂಡದ್ದು 2019ರಲ್ಲಿ, ಫ್ರಾನ್ಸಿನ ಬೋರ್ಡೋ ನಗರದ ‘ಸಿತೆ ದು ವ್ಯಾಂ’ ಎಂಬ ವೈನ್ ಮ್ಯೂಸಿಯಂನಲ್ಲಿ. ಈ ವಿಷಯ ತೆಗೆದಾಗಲೆಲ್ಲ ಹುಬ್ಬಳ್ಳಿ-ಧಾರವಾಡದ ಗೆಳೆಯರಲ್ಲಿ ಕೆಲವರು ನಕ್ಕು ಸುಮ್ಮನಾಗುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಎರಡೂ ಬಗೆಯವರಿಗಾಗಿ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮ್ಯೂಸಿಯಂ ಇರುವುದು ಗರೋನ್ ನದಿಯ ದಂಡೆಯಲ್ಲಿ. 2016ರಲ್ಲಿ ತೆರೆದ ಈ ಕಟ್ಟಡ 55 ಮೀಟರ್ ಎತ್ತರವಿದೆ. ಹೊರಮೈಗೆ ಹೊದಿಸಿರುವ ಗಾಜು ಮತ್ತು ಅಲ್ಯೂಮಿನಿಯಂ ಹಲಗೆಗಳು ಹೊತ್ತಿನ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುತ್ತವೆ. ಕಟ್ಟಡದ ಬಗ್ಗೆ ಇಷ್ಟು ಸಾಕು.

ಮ್ಯೂಸಿಯಂ ಎಂದರೆ ಗಾಜಿನ ಪೆಟ್ಟಿಗೆಯೊಳಗೆ ಹಳೆಯ ಸೀಸೆ, ಕೆಳಗೊಂದು ಚೀಟಿ ಎಂದುಕೊಂಡು ಹೋದವರಿಗೆ ಇಲ್ಲಿ ಬೇರೆಯದೇ ಅನುಭವವಾಗುತ್ತದೆ. ಸುಮಾರು ಮೂರು ಸಾವಿರ ಚದರ ಮೀಟರ್ ವಿಸ್ತಾರದ ಕಾಯಂ ಪ್ರದರ್ಶನದಲ್ಲಿ ಓದುವುದಕ್ಕಿಂತ ಮುಟ್ಟುವುದು, ಮೂಸುವುದು, ಕೇಳುವುದೇ ಹೆಚ್ಚು. ಕಿವಿಗೆ ಹಾಕಿಕೊಂಡ ಸಾಧನ ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ತಾನೇ ತಿಳಿದು, ಅಲ್ಲಿನ ಮಾತನ್ನು ನಾವು ಆರಿಸಿಕೊಂಡ ಭಾಷೆಯಲ್ಲಿ ಕೇಳಿಸುತ್ತದೆ. ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಬೇರೆ ಬೇರೆ ದೇಶಗಳ ದ್ರಾಕ್ಷಿ ಸೀಮೆಗಳನ್ನು ತೋರಿಸುವ ಮೇಜುಗಳು. ಅವುಗಳಲ್ಲಿ ಮಾತನಾಡುವವರು ವಿದ್ವಾಂಸರಲ್ಲ, ಬೆಳೆಗಾರರು. ತಮ್ಮ ಮಣ್ಣು ಎಂಥದು, ಮಳೆ ಯಾವಾಗ ಬೀಳಬೇಕು, ಯಾವಾಗ ಬೀಳಬಾರದು, ಗಾಳಿ ಯಾವ ದಿಕ್ಕಿನಿಂದ ಬಂದರೆ ಕಷ್ಟ ಎಂಬುದನ್ನು ಅವರೇ ಹೇಳುತ್ತಾರೆ. ದೇಶ ಬೇರೆಯಾದರೂ ಆ ಚಿಂತೆಗಳಲ್ಲಿ ಒಂದೂ ನನಗೆ ಹೊಸದಾಗಿರಲಿಲ್ಲ.

ಅವರ ಬಳ್ಳಿಗೂ ನಮ್ಮ ಬಳ್ಳಿಗೂ ಇರುವ ವ್ಯತ್ಯಾಸ ಕೂಡ ಅಲ್ಲಿಯೇ ಸ್ಪಷ್ಟವಾಯಿತು. ಬೋರ್ಡೋದಲ್ಲಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರಿ, ಶರತ್ಕಾಲದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನಮ್ಮಲ್ಲಿ ಬಳ್ಳಿಗೆ ಹಾಗೆ ಮಲಗುವಷ್ಟು ಚಳಿಯಿಲ್ಲ. ಅದಕ್ಕೇ ವಿಜಯಪುರ, ಬಾಗಲಕೋಟೆ, ಅಥಣಿ ಕಡೆಯ ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವ ಕೆಲಸ, ಮಾಡುತ್ತಾರೆ: ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಚಳಿಗಾಲ ಪುಕ್ಕಟೆಯಾಗಿ ಮಾಡುವ ಕೆಲಸವನ್ನು ನಮ್ಮ ರೈತ ಕತ್ತರಿ ಹಿಡಿದು ತಾನೇ ಮಾಡುತ್ತಾನೆ. ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದಿಂದ ಫಿಲೋಕ್ಸೆರಾ ಎಂಬ ಬೇರು ಹೀರುವ ಸಣ್ಣ ಕೀಟ ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿದಾಗ, ಅವರು ಉಳಿದದ್ದು ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ತಮ್ಮ ಬಳ್ಳಿಯನ್ನು ಕಸಿ ಕಟ್ಟಿ. ನಮ್ಮ ಕಡೆಯ ತೋಟಗಳಲ್ಲೂ ಬೇರು ಹೆಚ್ಚಾಗಿ ಅಮೆರಿಕ ಮೂಲದ ಡಾಗ್‌ರಿಡ್ಜ್ ಎಂಬ ತಳಿಯದೇ. ನಮಗೆ ಅದು ಬೇಕಾಗಿರುವುದು ನೀರಿನ ಕೊರತೆಯನ್ನೂ ಮಣ್ಣಿನ ಉಪ್ಪನ್ನೂ ತಾಳಿಕೊಳ್ಳಲು.

ಇಂದ್ರಿಯಗಳಿಗೆ ಮೀಸಲಾದ ಭಾಗದಲ್ಲಿ ಗಾಜಿನ ಗುಮ್ಮಟಗಳೂ ಕೊಳವೆಗಳೂ ಇವೆ. ಕೊಳವೆಯ ಬಾಯಿಗೆ ಮೂಗು ಹಿಡಿದು ರಬ್ಬರಿನ ಗಾಳಿಚೆಂಡನ್ನು ಅದುಮಿದರೆ ಒಂದು ವಾಸನೆ ಬರುತ್ತದೆ, ಅದು ಯಾವುದೆಂದು ನೀವೇ ಹೇಳಬೇಕು. ದೊಡ್ಡವರು ಅನುಮಾನದಿಂದ ಮತ್ತೆ ಮತ್ತೆ ಮೂಸುತ್ತಿದ್ದರೆ, ಪಕ್ಕದಲ್ಲಿದ್ದ ಮಕ್ಕಳು ಥಟ್ಟನೆ ಹೇಳಿಬಿಡುತ್ತಿದ್ದರು. ಕಣ್ಣಿಗೆ ಸಿಕ್ಕಷ್ಟು ಶಿಕ್ಷಣ ನಮ್ಮ ಮೂಗಿಗೆ ಸಿಕ್ಕಿಲ್ಲ ಎಂಬುದು ಅಲ್ಲಿ ಐದೇ ನಿಮಿಷಕ್ಕೆ ಮನದಟ್ಟಾಗುತ್ತದೆ.

ಇನ್ನು ಮಾರ್ಗದರ್ಶಕರೊಂದಿಗೆ ರುಚಿ ನೋಡುವ ತರಗತಿ. ಇದರ ಬಗ್ಗೆ ಸಾವಕಾಶವಾಗಿ ಹೇಳಬೇಕು. ಪ್ರತಿಯೊಬ್ಬರ ಮುಂದೆ ಗಾಜಿನ ಲೋಟಗಳು, ನೀರು, ಬ್ರೆಡ್ಡಿನ ಚೂರು ಮತ್ತು ಒಂದು ಪೀಕದಾನಿ. ಕಲಿಸಲು ಬಂದ ಯುವತಿ ಮೊದಲೇ ಹೇಳಿದ ಮಾತು: ನುಂಗುವುದು ಕಡ್ಡಾಯವಲ್ಲ, ಈ ವೃತ್ತಿಯವರು ದಿನಕ್ಕೆ ಹತ್ತಾರು ವೈನ್‌ಗಳನ್ನು ಪರೀಕ್ಷಿಸುವಾಗ ಎಲ್ಲವನ್ನೂ ಉಗುಳುತ್ತಾರೆ. ಆಮೇಲೆ ಬಹಳ ಹೊತ್ತು ಯಾರಿಗೂ ಲೋಟವನ್ನು ಬಾಯಿಗೆ ತರಲು ಬಿಡಲಿಲ್ಲ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡಿಸಿದಳು. ಕೆಂಪು ವೈನ್ ಹಳೆಯದಾದಂತೆ ಅಂಚು ನೇರಳೆ ಬಣ್ಣ ಬಿಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಲೋಟವನ್ನು ಅಲುಗಿಸದೆ ಒಮ್ಮೆ, ಸುತ್ತಿಸಿ ಇನ್ನೊಮ್ಮೆ ಮೂಸಿಸಿದಳು. ಸುತ್ತಿಸಿದಾಗ ಗಾಳಿಗೆ ತೆರೆದುಕೊಂಡ ಮೇಲ್ಮೈ ಹೆಚ್ಚಿ, ಅಡಗಿದ್ದ ವಾಸನೆಗಳು ಮೇಲೇಳುತ್ತವೆ. ಎರಡು ಸಲದ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದಿತ್ತೆಂದರೆ, ನನ್ನ ಪಕ್ಕದವರು ಲೋಟ ಬದಲಾಗಿದೆಯೇ ಎಂದು ಕೇಳಿದರು.

ಮುಂದಿನದು ಮೂಗು ಮುಚ್ಚಿ ಕುಡಿಯುವ ಪರೀಕ್ಷೆ. ಎರಡು ಬೆರಳಿನಿಂದ ಮೂಗು ಹಿಡಿದು ಒಂದು ಗುಟುಕು ಬಾಯಿಗೆ ಹಾಕಿಕೊಂಡಾಗ ನನಗೆ ಸಿಕ್ಕಿದ್ದು ಹುಳಿ, ತುಸು ಕಹಿ, ಅಷ್ಟೇ. ಬೆರಳು ಬಿಟ್ಟ ಕ್ಷಣಕ್ಕೆ ಹಣ್ಣಿನ ಪರಿಮಳ ಗಂಟಲ ಹಿಂಬದಿಯಿಂದ ಏರಿ ಬಂತು. ನಾವು ರುಚಿ ಎನ್ನುವುದರಲ್ಲಿ ಹೆಚ್ಚಿನ ಪಾಲು ಬಾಯಿಯ ಹಿಂದಿನ ದಾರಿಯಿಂದ ಮೂಗಿಗೆ ಸೇರುವ ವಾಸನೆ. ನೆಗಡಿಯಾದಾಗ ಊಟ ಸಪ್ಪೆ ಅನ್ನಿಸುವುದು ಇದೇ ಕಾರಣಕ್ಕೆ. ಕ್ಯಾಬರ್ನೆ ಸಾವಿನ್ಯೋ ದ್ರಾಕ್ಷಿಯ ವೈನ್ ಬಂದಾಗ ನಾಲಿಗೆಯ ಮೇಲೂ ವಸಡಿನ ಮೇಲೂ ನೇರಳೆ ಹಣ್ಣು ತಿಂದಾಗ ಹಿಡಿದುಕೊಳ್ಳುವಂಥ ಒಗರು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುವಿಕೆಯನ್ನು ಕಡಿಮೆ ಮಾಡುವುದರಿಂದ ಹಾಗಾಗುತ್ತದೆ ಎಂದು ಆಕೆ ವಿವರಿಸಿದಳು.

ಅದೇ ಲೋಟದಲ್ಲಿ ನನಗೆ ಹಸಿರು ಡೊಣ್ಣ ಮೆಣಸಿನಕಾಯಿಯ ವಾಸನೆ ಬಂದಿತ್ತು. ಹೇಳಿದರೆ ನಗುತ್ತಾರೇನೋ ಎನ್ನುವಷ್ಟರಲ್ಲಿ ಆಕೆಯೇ ಆ ಹೆಸರು ಹೇಳಿದಳು. ಮೆಥಾಕ್ಸಿಪೈರಜೀನ್ ಎಂಬ ರಾಸಾಯನಿಕಗಳ ಗುಂಪು ಡೊಣ್ಣ ಮೆಣಸಿನಕಾಯಿಯಲ್ಲೂ ಇದೆ, ಕ್ಯಾಬರ್ನೆ ದ್ರಾಕ್ಷಿಯಲ್ಲೂ ಇದೆ. ಹಣ್ಣು ಪೂರ್ತಿ ಮಾಗದಿದ್ದರೆ ಆ ವಾಸನೆ ಹೆಚ್ಚು. ಶಿರಾಜ್ ದ್ರಾಕ್ಷಿಯ ವೈನ್‌ನಲ್ಲಿ ಬರುವ ಕರಿಮೆಣಸಿನ ಘಮಕ್ಕೆ ಕಾರಣವಾದ ರೋಟಂಡೋನ್ ನಮ್ಮ ಮಲೆನಾಡಿನ ಕರಿಮೆಣಸಿನಲ್ಲಿಯೂ ಇರುವಂಥದ್ದೇ. ಫ್ರಾನ್ಸಿನ ಒಂದು ಕೋಣೆಯಲ್ಲಿ ಕುಳಿತಿದ್ದ ನನ್ನ ಮನಸ್ಸು ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋದದ್ದು ಆ ಲೋಟದ ದಾರಿಯಿಂದಲೇ.

ಮ್ಯೂಸಿಯಂನ ಎಂಟನೇ ಅಂತಸ್ತಿನಲ್ಲಿ ಊರನ್ನೂ ನದಿಯನ್ನೂ ನೋಡುವ ಜಾಗವಿದೆ. ಟಿಕೆಟ್ ಇದ್ದವರಿಗೆ ಅಲ್ಲಿ ಒಂದು ಲೋಟ ವೈನ್ ಕೊಡುತ್ತಾರೆ, ಬೇಡವೆಂದವರಿಗೂ ಮಕ್ಕಳಿಗೂ ದ್ರಾಕ್ಷಿಯ ರಸ. ನಾನು ರಸವನ್ನೇ ತೆಗೆದುಕೊಂಡೆ.

ಮುಖ ಸಿಂಡರಿಸುವ ಗೆಳೆಯರ ಆಕ್ಷೇಪಕ್ಕೆ ಬರುತ್ತೇನೆ, ಏಕೆಂದರೆ ಅದು ಹಗುರವಾದ ಆಕ್ಷೇಪವಲ್ಲ. ನಮ್ಮ ಹಳ್ಳಿಗಳಲ್ಲಿ ಕುಡಿತ ಎಷ್ಟು ಮನೆ ಮುರಿದಿದೆ ಎಂಬುದಕ್ಕೆ ನಾನೂ ಸಾಕ್ಷಿ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಅದೇ ವರ್ಷ ರಾಜ್ಯ ಸರ್ಕಾರ ವೈನ್ ನೀತಿಯನ್ನು ತಂದಾಗ ಬೆಳೆಗಾರರ ಪರವಾಗಿ ಆಸೆಯಿಂದ ನೋಡಿದವರಲ್ಲಿಯೂ ಒಬ್ಬ. ವೈನ್ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತನ್ನು ಯಾರೂ ನನ್ನ ಬರಹದಿಂದ ತೆಗೆಯಬಾರದು. ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಇಲ್ಲವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮದ್ಯದ ಟಿವಿ ಜಾಹೀರಾತನ್ನು ಫ್ರಾನ್ಸ್ ಕೂಡ 1991ರ ಕಾನೂನಿನಿಂದ ನಿಷೇಧಿಸಿದೆ. ನಾನು ಸುತ್ತಿದ ಕೋಣೆಗಳಲ್ಲಿ ವೈನ್‌ನ ವೈಭವಕ್ಕೆ ಸಿಕ್ಕಿದ್ದ ಜಾಗದ ಮುಂದೆ ಕುಡಿತದ ಹಾನಿಗೆ ಸಿಕ್ಕಿದ್ದ ಜಾಗ ತೀರ ಕಡಿಮೆ ಅನ್ನಿಸಿತು, ಅದು ಆ ಮ್ಯೂಸಿಯಂನ ನಿಜವಾದ ಕೊರತೆ. ಆದರೆ ಅಲ್ಲಿ ಕಲಿಸುವ ಗಮನ, ಅಂದರೆ ಒಂದು ಬೆಳೆಯನ್ನು ನಿಧಾನವಾಗಿ ನೋಡಿ, ಮೂಸಿ, ಅದರ ಊರನ್ನೂ ಬೆಳೆದವರನ್ನೂ ನೆನೆಯುವ ಕ್ರಮ, ಮದ್ಯಕ್ಕೇ ಕಟ್ಟುಬಿದ್ದದ್ದಲ್ಲ. ನಮಗೆ ಬೇಕಾದದ್ದು ಆ ಕ್ರಮ.

ಅದನ್ನು ಮೊದಲು ತರಬೇಕಾದ ಊರು ಬ್ಯಾಡಗಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ, ಅಂದರೆ ಆ ಹೆಸರು ಆ ಸೀಮೆಯ ಬೆಳೆಗೇ ಸೇರಿದ್ದು ಎನ್ನುವ, ಮಾನ್ಯತೆ ಸಿಕ್ಕಿದೆ. ಕಡು ಕೆಂಪು ಬಣ್ಣ, ಸುಕ್ಕುಗಟ್ಟಿದ ಮೈ, ಮಿತವಾದ ಖಾರ ಅದರ ಗುರುತು. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ಆಹಾರಕ್ಕೂ ಸೌಂದರ್ಯವರ್ಧಕಗಳಿಗೂ ಬಣ್ಣವಾಗಿ ದೇಶದೇಶಗಳಿಗೆ ಹೋಗುತ್ತದೆ. ಆದರೆ ಹುಬ್ಬಳ್ಳಿಯ ಅಂಗಡಿಯಲ್ಲಿ ‘ಬ್ಯಾಡಗಿ’ ಎಂದು ಬರೆದ ಪೊಟ್ಟಣ ಕೊಳ್ಳುವ ನಮ್ಮಲ್ಲಿ ಎಷ್ಟು ಜನರಿಗೆ ಕಡ್ಡಿ ಯಾವುದು, ಡಬ್ಬಿ ಯಾವುದು, 2043, 5531 ಎಂದು ಸಂಖ್ಯೆಯಿಂದಲೇ ಕರೆಯುವ ಹೈಬ್ರಿಡ್ ಯಾವುದು ಎಂದು ಗೊತ್ತಾಗುತ್ತದೆ? ಕಡ್ಡಿ ಉದ್ದ, ತೆಳು, ಬೀಜ ಕಡಿಮೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು. ಮಾರುಕಟ್ಟೆಯ ಅನುಭವಿ ವ್ಯಾಪಾರಿ ಕಾಯಿಯನ್ನು ಮುರಿದು, ಒಳಗಿನ ಬಣ್ಣ ನೋಡಿ, ಮೂಗಿಗೆ ಹಿಡಿದು ಕ್ಷಣದಲ್ಲಿ ತೀರ್ಮಾನಿಸುತ್ತಾನೆ. ಕೊಳ್ಳುವವರಿಗೆ ಆ ವಿದ್ಯೆ ತಿಳಿಯದಿರುವ ತನಕ ಹೆಸರು ಮಾತ್ರ ಬ್ಯಾಡಗಿಯದಾಗಿ ಕಾಯಿ ಇನ್ನೆಲ್ಲಿಯದೋ ಆಗಿರುವುದು ತಪ್ಪುವುದಿಲ್ಲ.

ಬೋರ್ಡೋದ ತರಗತಿಯನ್ನೇ ಇಲ್ಲಿ ಮೆಣಸಿನಕಾಯಿಗೆ ಒಗ್ಗಿಸಬಹುದು. ಮೊದಲು ಇಡೀ ಕಾಯಿಗಳನ್ನು ಕೈಗೆ ಕೊಟ್ಟು ಸುಕ್ಕು, ತೂಕ, ಬಣ್ಣ ನೋಡಿಸಬೇಕು. ಆಮೇಲೆ ಹಸಿ ಪುಡಿ, ಹುರಿದ ಪುಡಿ, ಬಿಸಿ ಎಣ್ಣೆಗೆ ಬಿದ್ದ ಪುಡಿ, ಈ ಮೂರನ್ನೂ ಬೇರೆ ಬೇರೆಯಾಗಿ ಮೂಸಿಸಬೇಕು. ಬಣ್ಣ ಎಣ್ಣೆಯಲ್ಲಿ ಹೇಗೆ ಬಿಡುತ್ತದೆ, ನೀರಿನಲ್ಲಿ ಏಕೆ ಬಿಡುವುದಿಲ್ಲ ಎಂದು ಗಾಜಿನ ಲೋಟದಲ್ಲಿ ತೋರಿಸಬೇಕು. ಕೊನೆಗೆ ಜೋಳದ ರೊಟ್ಟಿ, ಹಸಿ ಕೆಂಪು ಕಾಯಿಯ ರಂಜಕ ಎಂಬ ಚಟ್ನಿ, ಬೆಣ್ಣೆ. ಖಾರ ಎಂಬುದು ನಾಲಿಗೆಯ ರುಚಿಮೊಗ್ಗುಗಳ ಕೆಲಸವಲ್ಲ, ಬಿಸಿಯನ್ನೂ ನೋವನ್ನೂ ಗ್ರಹಿಸುವ ನರಗಳನ್ನು ಕ್ಯಾಪ್ಸೈಸಿನ್ ಕೆಣಕುವುದರಿಂದ ಆಗುವ ಉರಿ. ಅದು ನೀರಿನಲ್ಲಿ ಕರಗದೆ ಜಿಡ್ಡಿನಲ್ಲಿ ಕರಗುತ್ತದೆ. ನಮ್ಮ ಅಜ್ಜಿಯರು ಖಾರದ ಜೊತೆ ಬೆಣ್ಣೆಯನ್ನೂ ಗಟ್ಟಿ ಮೊಸರನ್ನೂ ಇಟ್ಟ ಜಾಣತನವನ್ನು ಶಾಲೆಯ ಮಕ್ಕಳು ಅಲ್ಲಿ ತಮ್ಮ ಬಾಯಿಂದಲೇ ಅರಿತುಕೊಳ್ಳುತ್ತಾರೆ. ಪಕ್ಕದ ಕೋಣೆಗಳಲ್ಲಿ ಸವಣೂರಿನ ವೀಳ್ಯದೆಲೆ, ಧಾರವಾಡದ ಆಪೂಸು ಮತ್ತು ಪೇರಲಕ್ಕೂ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಮೊದಲು ಒಂದನ್ನು ಸರಿಯಾಗಿ ಮಾಡಬೇಕು.

ಮ್ಯೂಸಿಯಂ ಕಟ್ಟಿದರೆ ರೈತನ ಕಷ್ಟ ತೀರುತ್ತದೆ ಎಂದು ನಾನು ಹೇಳುತ್ತಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯ ರೂಪ ತಾಳಿದ್ದನ್ನು ನಾವೆಲ್ಲ ನೋಡಿದ್ದೇವೆ. ಶೈತ್ಯಾಗಾರ, ದರ ನಿಗದಿ, ಬೇರೆ ಕಡೆಯಿಂದ ಬರುವ ಮಾಲಿನ ಹರಿವು, ಇವಕ್ಕೆ ಬೇರೆ ಉಪಾಯಗಳೇ ಬೇಕು. ಆದರೂ ಬೋರ್ಡೋದ ಬೆಳೆಗಾರ ತನ್ನ ಊರಿನ ಹೆಸರಿಗೆ ಬೆಲೆ ಕೇಳಬಲ್ಲನಾದರೆ, ಆ ಹೆಸರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಬಾಯಲ್ಲಿ ಗುರುತಿಸಬಲ್ಲ ಗಿರಾಕಿಗಳು ತಲೆಮಾರುಗಳಿಂದ ತಯಾರಾಗಿರುವುದು ಅದಕ್ಕೆ ಒಂದು ಕಾರಣ. ನಮ್ಮ ರೈತನಿಗೆ ಅಂಥ ಗಿರಾಕಿ ಇನ್ನೂ ಸಿಕ್ಕಿಲ್ಲ.

ಅಲ್ಲಿ ಕಲಿಸುವವರು ಯಾರು ಎಂಬುದರ ಬಗ್ಗೆಯೂ ನನಗೆ ಖಚಿತವಾದ ಅಭಿಪ್ರಾಯವಿದೆ. ಬ್ಯಾಡಗಿಯಲ್ಲಿ ದಿನವಿಡೀ ಕುಳಿತು ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿದ್ದಾರೆ. ಘಾಟಿನ ನಡುವೆ, ಬಾಯಿಗೆ ಸೆರಗು ಕಟ್ಟಿಕೊಂಡು, ಕಾಯಿಯನ್ನು ಕೈಗೆ ತೆಗೆದುಕೊಂಡ ಕೂಡಲೇ ಬಣ್ಣಗೆಟ್ಟ ತಾಲು ಯಾವುದು, ಒಳ್ಳೆಯದು ಯಾವುದು ಎಂದು ಬೇರ್ಪಡಿಸುವ ಅವರಿಗಿಂತ ಈ ಬೆಳೆಯನ್ನು ಹತ್ತಿರದಿಂದ ಬಲ್ಲವರು ಇನ್ನೊಬ್ಬರಿಲ್ಲ. ಅವರಿಗೆ ಸೂಕ್ತ ತರಬೇತಿ, ಗೌರವದ ಸಂಬಳ ಕೊಟ್ಟು ಮಾರ್ಗದರ್ಶಕರನ್ನಾಗಿ ನೇಮಿಸಬೇಕು. ವಿಜ್ಞಾನದ ವಿವರಗಳನ್ನು ಸಿದ್ಧಪಡಿಸಲು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರಿದ್ದಾರೆ, ಜಾಗಕ್ಕೆ ಮಾರುಕಟ್ಟೆಯ ಆವರಣದ ಒಂದು ಗೋದಾಮು ಸಾಕು. ಹಾವೇರಿ ಜಿಲ್ಲೆಯ ಸ್ನೇಹಿತರಲ್ಲಿ ಮಾರುಕಟ್ಟೆಯ ವ್ಯವಹಾರ ಬಲ್ಲವರು, ಕಟ್ಟಡ ವಿನ್ಯಾಸದವರು, ಶಾಲೆಗಳನ್ನು ಕರೆತರಬಲ್ಲ ಶಿಕ್ಷಕರು ಇದ್ದರೆ ಇಲ್ಲಿಯೇ ತಿಳಿಸಿ. ಬೋರ್ಡೋದಲ್ಲಿ ಆ ತರಗತಿಯನ್ನು ಹೇಗೆ ನಡೆಸಿದರು ಎಂಬುದರ ಟಿಪ್ಪಣಿಗಳು ನನ್ನ ಬಳಿ ಇವೆ, ಕೇಳಿದವರಿಗೆ ಕಳುಹಿಸುತ್ತೇನೆ.