ಇನ್ಸರ್ಟ್ ಆಮೇಲೆ ಆರಿಸಿ, ಮೊದಲು ಚಿಮಣಿ ನೋಡಿ

ಮನೆ ಬೆಚ್ಚಗಿಡುವ ಬಾಯ್ಲರಿಗೆ ಹಾಕುವ ಹೀಟಿಂಗ್ ಆಯಿಲ್‌ನ ಬಿಲ್ಲು ಕೈಗೆ ಬಂದಾಗಲೆಲ್ಲ ನಮ್ಮ ಮ್ಯಾಸಚೂಸೆಟ್ಸ್‌ನ ಕನ್ನಡದ ಗೆಳೆಯರಲ್ಲಿ ಯಾರಾದರೂ ಒಬ್ಬರು ಫೋನ್ ಮಾಡುತ್ತಾರೆ. "ಮನೆಯಲ್ಲಿ ಹೇಗೂ ಇಟ್ಟಿಗೆ ಫೈರ್‌ಪ್ಲೇಸ್ ಇದೆ. ಅದರೊಳಗೆ ಕಟ್ಟಿಗೆ ಉರಿಸೋ ಇನ್ಸರ್ಟ್ ಕೂರಿಸಿದ್ರೆ ಹೇಗೆ? ಯಾವ ಕಂಪನಿಯದ್ದು ತಗೊಳ್ಳೋದು?" ಇನ್ಸರ್ಟ್ ಅಂದರೆ ಫೈರ್‌ಪ್ಲೇಸಿನ ಗೂಡಿನೊಳಗೆ ಕೂರಿಸುವ, ಗಾಜಿನ ಬಾಗಿಲಿನ ಲೋಹದ ಒಲೆ. ನಾನು ಹೇಳುವುದು ಒಂದೇ. ಕಂಪನಿ ಕೊನೆಗೆ. ಮೊದಲು ಚಿಮಣಿ, ಆಮೇಲೆ ಕಟ್ಟಿಗೆ. ಇವೆರಡೂ ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಇನ್ಸರ್ಟ್ ತಂದರೂ ಹೊಗೆ, ಮಸಿ, ತಲೆನೋವು. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ತೆರೆದ ಫೈರ್‌ಪ್ಲೇಸ್ ಮನೆಯನ್ನು ಬೆಚ್ಚಗೆ ಮಾಡುವುದಿಲ್ಲ. ಎದುರಿಗೆ ಕೂತವರಿಗೆ ಬಿಸಿ ತಾಗುತ್ತದೆ, ಅಷ್ಟೇ. ಉರಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಗಾಳಿಯನ್ನು ಅದು ಕೋಣೆಯಿಂದ ಎಳೆದು ಚಿಮಣಿಗೆ ಕಳಿಸುತ್ತದೆ. ಅದು ನಿಮ್ಮ ಬಾಯ್ಲರ್ ಆಗಲೇ ಕಾಯಿಸಿಟ್ಟ ಗಾಳಿ. ಆ ಜಾಗ ತುಂಬಲು ಕಿಟಕಿ, ಬಾಗಿಲ ಸಂದಿಯಿಂದ ಹೊರಗಿನ ಚಳಿ ನುಗ್ಗುತ್ತದೆ. ಮೇಲಿನ ಬೆಡ್‌ರೂಮ್ ಇನ್ನಷ್ಟು ತಣ್ಣಗಾಗುತ್ತದೆ. ಕಟ್ಟಿಗೆಯ ಶಾಖದಲ್ಲಿ ಶೇ. 10ರಷ್ಟು ಮನೆಗೆ ದಕ್ಕಿದರೆ ಹೆಚ್ಚು. ಬಾಸ್ಟನ್ ಪಕ್ಕದ ವೋಬರ್ನ್‌ನಲ್ಲಿ 1753ರಲ್ಲಿ ಹುಟ್ಟಿದ ಬೆಂಜಮಿನ್ ಥಾಮ್ಸನ್, ಮುಂದೆ ಕೌಂಟ್ ರಮ್‌ಫರ್ಡ್ ಅಂತ ಹೆಸರಾದವನು, 1790ರ ದಶಕದಲ್ಲೇ ಫೈರ್‌ಪ್ಲೇಸಿನ ಆಳ ಕಡಿಮೆ ಮಾಡಿ, ಹೊಗೆ ಹೋಗುವ ಗಂಟಲನ್ನು ಕಿರಿದು ಮಾಡಿ ಸಾಕಷ್ಟು ಸುಧಾರಿಸಿದ. ಆದರೂ ಅದರ ಬಾಯಿ ತೆರೆದೇ ಇತ್ತು. ಇನ್ಸರ್ಟ್ ಆ ಬಾಯಿಯನ್ನು ಗಾಜಿನ ಬಾಗಿಲಿನಿಂದ ಮುಚ್ಚುತ್ತದೆ. ಎಷ್ಟು ಗಾಳಿ ಒಳಗೆ ಬಿಡಬೇಕು ಅನ್ನುವುದು ಆಗ ನಿಮ್ಮ ಕೈಯಲ್ಲಿರುತ್ತದೆ.

ಈಗ ಚಿಮಣಿಗೆ ಬರೋಣ. ಹಿಂದೆಲ್ಲ ಇನ್ಸರ್ಟನ್ನು ಸುಮ್ನೆ ಫೈರ್‌ಪ್ಲೇಸಿನೊಳಗೆ ತಳ್ಳಿಬಿಡುತ್ತಿದ್ದರು. ಹೊಗೆ ಆ ದೊಡ್ಡ ಇಟ್ಟಿಗೆ ಚಿಮಣಿಯಲ್ಲಿ ನಿಧಾನವಾಗಿ ಮೇಲೇರಿ, ತಣ್ಣಗಾಗಿ, ಗೋಡೆಗೆ ಅಂಟಿಕೊಳ್ಳುತ್ತಿತ್ತು. ಪರಿಚಯದವರ ಮನೆಯಲ್ಲಿ ಅಂಥದ್ದೊಂದನ್ನು ಹೊರಗೆಳೆದಾಗ ನಾನು ಟಾರ್ಚ್ ಬಿಟ್ಟು ಮೇಲಕ್ಕೆ ನೋಡಿದ್ದೇನೆ. ಟಾರು ಬಳಿದಂತೆ ಕರ್ರಗೆ ಹೊಳೆಯುವ ಪದರ, ಅಲ್ಲಲ್ಲಿ ಇಳಿದು ಗಟ್ಟಿಯಾದ ಹನಿಗಳು. ಬ್ರಶ್ಶಿಗೆ ಜಗ್ಗುತ್ತಿರಲಿಲ್ಲ. ಅದು ಕ್ರಿಯೋಸೋಟ್. ಅದಕ್ಕೆ ಕಿಡಿ ತಾಗಿದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಬೇಕೇ ಬೇಕು. ಇನ್ಸರ್ಟಿನ ತಲೆಯಿಂದ ಚಿಮಣಿಯ ತುದಿಯವರೆಗೆ ಒಂದೇ ಕೊಳವೆ. ಹೆಚ್ಚಿನ ಇನ್ಸರ್ಟ್‌ಗಳಿಗೆ 6 ಇಂಚಿನದು. ನಿಮ್ಮ ಚಿಮಣಿ ಮನೆಯ ಹೊರಗೋಡೆಗೆ ಅಂಟಿಕೊಂಡಿದ್ದರೆ ಲೈನರ್‌ಗೆ ಇನ್ಸುಲೇಷನ್ ಹೊದಿಸಲೇಬೇಕು, ಇಲ್ಲದಿದ್ದರೆ ಅದು ಚಳಿಗೆ ತಣ್ಣಗೇ ಇರುತ್ತದೆ, ಹೊಗೆ ಎಳೆಯುವುದಿಲ್ಲ. ಇನ್ನೊಂದು: ಮೊದಲು ಡ್ಯಾಂಪರ್ (ಹೊಗೆದಾರಿ ತೆರೆದು ಮುಚ್ಚುವ ತಗಡು) ಇದ್ದ ಜಾಗದಲ್ಲಿ, ಲೈನರ್ ಸುತ್ತ ತಗಡು ಕೂರಿಸಿ ಸಂದಿ ಮುಚ್ಚಬೇಕು. ಇದನ್ನು ಬ್ಲಾಕ್ ಆಫ್ ಪ್ಲೇಟ್ ಅನ್ನುತ್ತಾರೆ. ಎಷ್ಟೋ ಕಡೆ ಕೂರಿಸುವವರು ಕೇಳದೆ ಇದನ್ನು ಮಾಡುವುದಿಲ್ಲ. ಆಗ ಇನ್ಸರ್ಟ್ ಸುತ್ತಲಿನ ಬಿಸಿಯೆಲ್ಲ ಚಿಮಣಿಯೊಳಗೇ ಏರಿ ಇಟ್ಟಿಗೆ ಕಾಯಿಸುತ್ತಾ ಕೂರುತ್ತದೆ. ಕೊಟೇಶನ್ನಿನಲ್ಲಿ ಈ ಮೂರೂ ಬೇರೆ ಬೇರೆ ಸಾಲಾಗಿ ಇದೆಯಾ ನೋಡಿ. ಮೊದಲು ಕ್ಯಾಮೆರಾ ಇಳಿಸಿ ಚಿಮಣಿ ತಪಾಸಣೆ ಮಾಡಿಸಿ. ದುಡ್ಡು ಕಡಿಮೆ ಬಿದ್ದರೆ ಇನ್ಸರ್ಟಿನ ಚೆಂದದಲ್ಲಿ ಉಳಿಸಿ, ಲೈನರಿನಲ್ಲಿ ಬೇಡ.

ಕಟ್ಟಿಗೆಯ ವಿಷಯ ನಮಗೆ ಹೊಸದಲ್ಲ. ಮಲೆನಾಡಿನಲ್ಲಿ ಬಚ್ಚಲೊಲೆಗೆ ಹಸಿ ಕಟ್ಟಿಗೆ ತುರುಕಿ ಹಂಡೆ ನೀರು ಕಾಯಿಸಲು ಊದಿ ಊದಿ ಕಣ್ಣೀರು ಸುರಿಸಿದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಇಲ್ಲೂ ಅದೇ. ತೇವ ಶೇ. 20ಕ್ಕಿಂತ ಕಡಿಮೆ ಇರಬೇಕು. ಓಕ್ ಮರ ಸೀಳಿ ಒಟ್ಟಿದ ಮೇಲೆ ಎರಡು ವರ್ಷವಾದರೂ ಬೇಕು. ಆ್ಯಶ್, ಮೇಪಲ್ ಬೇಗ ಒಣಗುತ್ತವೆ. ಮಾರುವವರು ‘ಸೀಸನ್ಡ್’, ಅಂದರೆ ಒಣಗಿಸಿದ್ದು, ಅಂತ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಹಾಗೆ ಹೇಳಿಯೇ ಒಬ್ಬರು ನಮ್ಮನೆ ಅಂಗಳದಲ್ಲಿ ಸುರಿಯಲು ತಂದ ಓಕ್ ಅನ್ನು ಅಲ್ಲೇ ಒಂದು ತುಂಡು ಸೀಳಿಸಿ, ಸೀಳಿದ ಹೊಸ ಮೈಗೆ ಮಾಯಿಶ್ಚರ್ ಮೀಟರ್ ಚುಚ್ಚಿದೆ. 28 ತೋರಿಸಿತು. ಹೊರಮೈಯಲ್ಲಿ ನೋಡಿದ್ದರೆ ಒಣಗಿದಂತೆಯೇ ಇತ್ತು. ಮೀಟರ್ ಅಗ್ಗದ ಸಾಮಾನು, ಒಂದು ಇಟ್ಟುಕೊಳ್ಳಿ. ಅಳತೆಯೂ ಗೊತ್ತಿರಲಿ. ಒಂದು ಕಾರ್ಡ್ ಅಂದರೆ 128 ಘನ ಅಡಿ, 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು. ಲಾರಿಯಲ್ಲಿ ರಾಶಿ ಬಿದ್ದದ್ದನ್ನು ನೋಡಿ ಲೆಕ್ಕ ಹಾಕಲಾಗದು, ಒಟ್ಟಿದ ಮೇಲೆ ಅಳೆಯಿರಿ. ದೂರದೂರಿನಿಂದ ತರಬೇಡಿ. ಆ್ಯಶ್ ಮರಗಳನ್ನು ಸಾಯಿಸುತ್ತಿರುವ ಹಸಿರು ಹುಳು ಕಟ್ಟಿಗೆಯ ಜೊತೆಗೇ ಊರಿಂದೂರಿಗೆ ಹಬ್ಬುತ್ತದೆ.

ಇನ್ನು ಇನ್ಸರ್ಟ್. 2020ರ ಮೇ 15ರಿಂದ ಇಪಿಎ (ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ) ನಿಯಮ ಬಿಗಿಯಾಗಿದೆ. ಹೊಸದಾಗಿ ಮಾರುವ ಒಲೆಗಳು ಗಂಟೆಗೆ 2 ಗ್ರಾಂಗಿಂತ ಹೆಚ್ಚು ಹೊಗೆಕಣ ಬಿಡಬಾರದು. ಸೀಳಿದ ಕಟ್ಟಿಗೆಯಲ್ಲೇ ಪರೀಕ್ಷೆ ಮಾಡಿದ್ದರೆ ಮಿತಿ 2.5 ಗ್ರಾಂ. ಹಳೆಯದು ಅಗ್ಗಕ್ಕೆ ಸಿಕ್ಕಿತು ಅಂತ ತರುವ ಮುಂಚೆ ಇದನ್ನು ಯೋಚಿಸಿ.

ಕೆಟಲಿಟಿಕ್ ಒಲೆ ಬೇಕಾ, ಬೇಡವಾ ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಜೇನುಹಟ್ಟಿಯಂಥ ಬಿಲ್ಲೆ ಇರುತ್ತದೆ. ಸುಮಾರು 500 ಡಿಗ್ರಿ ಫ್ಯಾರನ್‌ಹೀಟ್‌ಗೇ ಅದು ಹೊಗೆಯನ್ನು ಸುಡಲು ಶುರುಮಾಡುತ್ತದೆ. ಅದಿಲ್ಲದ ಒಲೆಯಲ್ಲಿ ಹೊಗೆ ಸುಡಲು 1100 ಡಿಗ್ರಿ ಬೇಕು. ಹಾಗಾಗಿ ಮೆಲ್ಲಗೆ, ಇಡೀ ರಾತ್ರಿ ಉರಿಸುವವರಿಗೆ ಕೆಟಲಿಟಿಕ್ ಒಳ್ಳೆಯದು. ಆದರೆ ಬಿಲ್ಲೆ ಸವೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಬಾಯ್ಲರ್ ಹೇಗೂ ಇದೆ, ಸಂಜೆ ಮತ್ತು ವಾರಾಂತ್ಯಕ್ಕೆ ಉರಿಸುತ್ತೇವೆ ಅನ್ನುವ ನಮ್ಮಂಥವರಿಗೆ ಅದಿಲ್ಲದ ಸಾದಾ ಒಲೆಯೇ ಸಾಕು.

ಅಂಗಡಿಯಲ್ಲಿ ದೊಡ್ಡದನ್ನೇ ತೋರಿಸುತ್ತಾರೆ. ಬೇಡ. ದೊಡ್ಡ ಒಲೆಯಲ್ಲಿ ಕೋಣೆ ವಿಪರೀತ ಬಿಸಿಯಾಗುತ್ತದೆ, ನೀವು ಗಾಳಿ ತಗ್ಗಿಸುತ್ತೀರಿ, ಕಟ್ಟಿಗೆ ಉರಿಯದೆ ಹೊಗೆಯಾಡುತ್ತದೆ, ಗಾಜು ಕಪ್ಪಾಗುತ್ತದೆ. ಕೋಣೆಗಳೆಲ್ಲ ಬೇರೆ ಬೇರೆ ಇರುವ ಹಳೇ ಕೊಲೋನಿಯಲ್ ಮನೆಗೆ ಕಟ್ಟಿಗೆ ಹಾಕುವ ಗೂಡು 2 ಘನ ಅಡಿಯ ಆಸುಪಾಸು ಇದ್ದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಕಟ್ಟಿಗೆಯನ್ನು ಸಾಮಾನ್ಯವಾಗಿ 16 ಇಂಚಿಗೆ ಕೊಯ್ಯುತ್ತಾರೆ, ಅದು ಆರಾಮವಾಗಿ ಹಿಡಿಸಬೇಕು. ಫೈರ್‌ಪ್ಲೇಸ್ ಹಿಂದಕ್ಕೆ ಹೋದಂತೆ ಕಿರಿದಾಗುತ್ತದೆ, ಹಿಂಭಾಗದ ಅಗಲವನ್ನೂ ಅಳೆದುಕೊಂಡು ಹೋಗಿ.

ಗೋಡೆಗೆ ಸಮವಾಗಿ ಕೂರುವ ಇನ್ಸರ್ಟ್ ನೋಡಲು ಚೆಂದ. ಆದರೆ ಅದರ ಬಿಸಿ ಕೋಣೆಗೆ ಬರಲು ಫ್ಯಾನ್ ಬೇಕು, ಫ್ಯಾನಿಗೆ ಕರೆಂಟ್ ಬೇಕು. 2008ರ ಡಿಸೆಂಬರ್‌ನ ಐಸ್ ಸ್ಟಾರ್ಮ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್‌ನ ಕೆಲವು ಊರುಗಳಿಗೆ ಎರಡು ವಾರದವರೆಗೆ ಕರೆಂಟ್ ಇರಲಿಲ್ಲ. ಆಯಿಲ್ ಬಾಯ್ಲರ್ ಕೂಡ ಕರೆಂಟ್ ಇಲ್ಲದೆ ನಡೆಯುವುದಿಲ್ಲ, ಅಲ್ವಾ? ಆದ್ದರಿಂದ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುವುದನ್ನೇ ನಾನು ಆರಿಸುತ್ತೇನೆ. ಫ್ಯಾನ್ ನಿಂತರೂ ಅದರ ಮೈಯಿಂದ ಬಿಸಿ ಬರುತ್ತದೆ, ಮೇಲೆ ಒಂದು ಪಾತ್ರೆ ನೀರಾದರೂ ಇಡಬಹುದು.

ಥರ್ಮೋಸ್ಟಾಟ್ ಎಲ್ಲಿದೆ ಅಂತಲೂ ನೋಡಿ. ಒಲೆಯಿರುವ ಕೋಣೆಯಲ್ಲೇ ಇದ್ದರೆ, ಮನೆಯಿಡೀ ಬೆಚ್ಚಗಿದೆ ಅಂದುಕೊಂಡು ಬಾಯ್ಲರ್ ನಿಂತೇ ಇರುತ್ತದೆ. ಅತ್ತ ಮೂಲೆಯ ಬಾತ್‌ರೂಮಿನ ಗೋಡೆಯೊಳಗೆ ನೀರಿನ ಪೈಪು ಹೆಪ್ಪುಗಟ್ಟಬಹುದು. ಕಡು ಚಳಿಯ ರಾತ್ರಿ ನಡುನಡುವೆ ಬಾಯ್ಲರ್ ಓಡಿಸಲೇಬೇಕು.

ಮನೆಯಲ್ಲಿ ಆಸ್ತಮಾ ಇರುವ ಮಕ್ಕಳೋ ವಯಸ್ಸಾದ ಅಪ್ಪ ಅಮ್ಮನೋ ಇದ್ದರೆ ಈ ಯೋಚನೆ ಬಿಡಿ ಅಂತಲೇ ನಾನು ಹೇಳುತ್ತೇನೆ. ಎಷ್ಟು ಒಳ್ಳೆಯ ಒಲೆಯಾದರೂ ಬಾಗಿಲು ತೆಗೆದು ಕಟ್ಟಿಗೆ ಹಾಕುವಾಗ ಒಂದಿಷ್ಟು ಹೊಗೆ ಒಳಗೆ ಬಂದೇ ಬರುತ್ತದೆ. ಅಂಥವರು ಆ ದುಡ್ಡನ್ನು ಕರೆಂಟಿನಲ್ಲಿ ಮನೆ ಬೆಚ್ಚಗೆ ಮಾಡುವ ಹೀಟ್ ಪಂಪಿಗೆ ಹಾಕಿ.

ಇನ್ಸರ್ಟಿಗೆ ಸಿಗುತ್ತಿದ್ದ ಫೆಡರಲ್ ತೆರಿಗೆ ವಿನಾಯಿತಿ 2025ರ ಕೊನೆಗೆ ಮುಗಿದಿದೆ. ಅದನ್ನು ಕಳೆದು ಬೆಲೆ ಹೇಳಿದರೆ ಒಪ್ಪಬೇಡಿ. ಟೌನಿನಿಂದ ಪರ್ಮಿಟ್ ತೆಗೆಸಿ, ಇನ್ಶೂರೆನ್ಸ್‌ನವರಿಗೆ ತಿಳಿಸಿ. ಕಾರ್ಬನ್ ಮೋನಾಕ್ಸೈಡ್ ಅಲಾರಂ ಪ್ರತಿ ಮಹಡಿಯಲ್ಲೂ ಇರಲಿ. ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿಗೇ ಹಾಕಿ ಮನೆಯಿಂದ ದೂರ ಇಡಿ. ಒಳಗಿನ ಕೆಂಡ ದಿನಗಟ್ಟಲೆ ಜೀವಂತ ಇರುತ್ತದೆ. ಮುಂದಿನ ಚಳಿಗಾಲಕ್ಕೆ ಬೇಕು ಅನ್ನುವವರು ಈ ಮಾರ್ಚ್‌ನಲ್ಲೇ ಚಿಮಣಿ ತೋರಿಸಿ, ಕಟ್ಟಿಗೆ ತರಿಸಿ ಒಟ್ಟಿಬಿಡಿ. ಓಕ್ ಬೇಡ, ಆ್ಯಶ್ ಕೇಳಿ.